ಕಾನೂನು ಬರೆಯುವ ಪುರಾಣಿಕರು

2020ರ ಡಿಸೆಂಬರ್ ಮೊದಲ ವಾರ. ಬ್ರಸೆಲ್ಸ್‌ನಿಂದ ಬಂದ ಒಂದು ಸುದ್ದಿ ಓದಿ ನಾನು ಜೋರಾಗಿ ನಕ್ಕೆ. ಕೊರೊನಾ ಲಾಕ್‌ಡೌನ್ ನಡುವೆ, ನವೆಂಬರ್ 27ರ ರಾತ್ರಿ, ಅಲ್ಲಿನ ಒಂದು ಮನೆಯಲ್ಲಿ ಸುಮಾರು ಇಪ್ಪತ್ತು ಗಂಡಸರ ಲೈಂಗಿಕ ಕೂಟ ನಡೆದಿತ್ತು. ಪೊಲೀಸರು ಬಂದಾಗ ಒಬ್ಬ ವ್ಯಕ್ತಿ ಮಳೆನೀರಿನ ಪೈಪು ಹಿಡಿದು ಪರಾರಿಯಾಗಲು ನೋಡಿ ಸಿಕ್ಕಿಬಿದ್ದ. ಕೈಗಳಲ್ಲಿ ರಕ್ತವಿತ್ತು ಎಂದು ಅಲ್ಲಿನ ಪ್ರಾಸಿಕ್ಯೂಟರ್ ಕಚೇರಿ ಹೇಳಿತು. ಆತ ಯೋಜೆಫ್ ಸಾಯರ್. ಹಂಗೇರಿಯ ಅಂದಿನ ಆಳುವ ಪಕ್ಷ ಫಿಡೆಸ್‌ನ ಹಿರಿಯ ನಾಯಕ, ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯ. 2011ರಲ್ಲಿ ಹಂಗೇರಿಯ ಹೊಸ ಸಂವಿಧಾನ ಬರೆದವರಲ್ಲಿ ಪ್ರಮುಖ. ಅದು ತನ್ನ ಐಪ್ಯಾಡಿನಲ್ಲೇ ಸಿದ್ಧವಾಗುತ್ತಿದೆ ಎಂದು ಹೇಳಿಕೊಂಡಿದ್ದವನು. ಮದುವೆಯೆಂದರೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಸಂಬಂಧ ಎಂಬ ಸಾಲು ಆ ಸಂವಿಧಾನದಲ್ಲಿದೆ.

ಸುದ್ದಿಯ ಲಿಂಕನ್ನು ಹಳೆಯ ಗೆಳೆಯನೊಬ್ಬನಿಗೆ ಕಳಿಸಿದೆ, ಜೊತೆಗೆ ನಗುವ ಮುಖದ ಮೂರು ಚಿತ್ರ. ಎರಡು ದಿನ ಅವನಿಂದ ಸದ್ದಿಲ್ಲ. ಮೂರನೇ ದಿನ ಒಂದೇ ಸಾಲು ಬಂತು: "ನಿನಗೆ ನಗು ಬಂದದ್ದು ಯಾವುದಕ್ಕೆ?"

ನಾನು ಆ ಸಾಲನ್ನು ಬಹಳ ಹೊತ್ತು ನೋಡಿದೆ. ಗೆಳೆಯ ತನ್ನ ಬಗ್ಗೆ ನನಗೆ ಏನನ್ನೂ ಹೇಳಿದವನಲ್ಲ, ನಾನೂ ಕೇಳಿದವನಲ್ಲ. ಆದರೆ ಪ್ರಶ್ನೆಯೊಳಗೆ ಎಲ್ಲವೂ ಇತ್ತು. ಸಾಯರ್ ಬರೆದ ಸಾಲಿಗೂ ಆತ ಬದುಕಿದ ರೀತಿಗೂ ಇದ್ದ ಅಂತರಕ್ಕೆ ನಕ್ಕೆನೇ? ಅಥವಾ ಗಂಡಸರನ್ನು ಬಯಸುವ ಗಂಡಸೊಬ್ಬ ಸಿಕ್ಕಿಬಿದ್ದ ಎಂಬುದಕ್ಕೆ ನಕ್ಕೆನೇ? ಎರಡನೆಯದಕ್ಕೂ ನಕ್ಕಿದ್ದೆ. ಹಾಗೆ ನಕ್ಕಾಗ ನಾನೂ ಸಾಯರ್‌ನ ಸಂವಿಧಾನದ ಪರವಾಗಿಯೇ ನಿಂತಿದ್ದೆ. ಆತನನ್ನು ಬಯಲಿಗೆಳೆದ ಖುಷಿಯಲ್ಲಿ ನನ್ನ ಗೆಳೆಯನಂಥ ಎಷ್ಟೋ ಜನರ ಮುಖಕ್ಕೆ ಹೊಡೆದಿದ್ದೆ.

ಅಂದಿನಿಂದ ಇಂಥ ಸುದ್ದಿ ಬಂದಾಗಲೆಲ್ಲ ಅವನ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಓದುತ್ತೇನೆ. ಧರ್ಮ, ಸಂಸ್ಕೃತಿ, ಕುಟುಂಬ ಎಂದು ಗಂಟಲು ಹರಿದುಕೊಳ್ಳುವ ರಾಜಕಾರಣಿಯ ಮನೆಯೊಳಗಿನ ಸಂಗತಿ ಹೊರಬಿದ್ದಾಗ ನಿಜಕ್ಕೂ ತಪ್ಪೆಲ್ಲಿದೆ? ಸುಳ್ಳು ಹೇಳಿದ್ದರಲ್ಲೇ? ಬಯಸಿದ್ದರಲ್ಲೇ?

ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಗಾದೆಯಿದೆ: ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಪುರಾಣಿಕ ಸಭೆಯಲ್ಲಿ ಬದನೆಕಾಯಿ ನಿಷಿದ್ಧ ಎಂದು ಹೇಳುತ್ತಾನೆ. ಅದನ್ನು ನಂಬಿದ ಹೆಂಡತಿ ಮನೆಗೆ ಹೋಗಿ ಮಾಡಿಟ್ಟ ಪಲ್ಯವನ್ನು ಚೆಲ್ಲುತ್ತಾಳೆ. ಊಟಕ್ಕೆ ಕೂತ ಪುರಾಣಿಕ ಪಲ್ಯವೆಲ್ಲಿ ಎಂದು ಸಿಡುಕುತ್ತಾನೆ. ಕೇಳಿದವರೆಲ್ಲ ನಗುತ್ತಾರೆ, ಕತೆ ಮುಗಿಯುತ್ತದೆ. ಯಾಕೆ ಅಷ್ಟು ಸಲೀಸಾಗಿ ಮುಗಿಯುತ್ತದೆಂದರೆ, ಆ ಪುರಾಣಿಕನ ಕೈಯಲ್ಲಿ ಅಧಿಕಾರವಿಲ್ಲ. ಅವನ ಮಾತು ಕೇಳಿ ಯಾರೂ ಜೈಲಿಗೆ ಹೋಗಲಿಲ್ಲ, ಯಾರೂ ಕೆಲಸ ಕಳೆದುಕೊಳ್ಳಲಿಲ್ಲ, ಯಾರೂ ಸಾಯಲಿಲ್ಲ. ಪುರಾಣಿಕನೇ ಶಾಸನಸಭೆಗೆ ಹೋದರೆ ಕತೆ ಬೇರೆಯಾಗುತ್ತದೆ. ಊರವರ ಅಡುಗೆಮನೆಗಳಿಗೆ ಅಧಿಕಾರಿಗಳು ನುಗ್ಗುತ್ತಾರೆ, ಅವನ ಅಡುಗೆಮನೆಯ ಬಾಗಿಲು ಮಾತ್ರ ಮುಚ್ಚಿರುತ್ತದೆ.

ನಾನು ಬಲ್ಲ ಉದಾಹರಣೆಗಳಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಐರ್ಲೆಂಡಿನಲ್ಲಿ. 1979ರಲ್ಲಿ ಚಾರ್ಲ್ಸ್ ಹಾಹಿ ಅಲ್ಲಿನ ಆರೋಗ್ಯ ಸಚಿವ. ಕ್ಯಾಥೊಲಿಕ್ ಚರ್ಚಿನ ಮಾತು ಮೀರಿ ರಾಜಕಾರಣ ಮಾಡುವುದು ಕಷ್ಟವಾಗಿದ್ದ ಕಾಲ. ಗರ್ಭನಿರೋಧಕಗಳ ಮೇಲಿನ ನಿಷೇಧವನ್ನು ನ್ಯಾಯಾಲಯದ ತೀರ್ಪಿನಿಂದಾಗಿ ಸಡಿಲಿಸಲೇಬೇಕಿತ್ತು. ಹಾಹಿ ಒಂದು ಕಾನೂನು ತಂದ: ಕಾಂಡೋಮ್ ಬೇಕಾದವರು ವೈದ್ಯರ ಬಳಿ ಹೋಗಿ ಚೀಟಿ ಬರೆಸಿಕೊಳ್ಳಬೇಕು, ಅದೂ ಪ್ರಾಮಾಣಿಕವಾಗಿ ಕುಟುಂಬ ಯೋಜನೆಗೆಂದೇ ಇರಬೇಕು. ಇದು ಐರ್ಲೆಂಡಿನ ಸಮಸ್ಯೆಗೆ ಐರ್ಲೆಂಡಿನದೇ ಪರಿಹಾರ ಎಂದು ಆತ ಅದನ್ನು ಬಣ್ಣಿಸಿದ್ದು ಈಗ ಅಲ್ಲಿ ನಾಣ್ಣುಡಿಯೇ ಆಗಿಹೋಗಿದೆ. 1985ರಲ್ಲಿ ಬೇರೆ ಸರಕಾರ ಬಂದು, 18 ದಾಟಿದವರಿಗೆ ಚೀಟಿಯಿಲ್ಲದೆ ಕಾಂಡೋಮ್ ಸಿಗಲಿ ಎಂದು ಮಸೂದೆ ತಂದಾಗ ಹಾಹಿಯ ಫಿಯನಾ ಫಾಲ್ ಪಕ್ಷ ಅದನ್ನು ವಿರೋಧಿಸಿತು. ಆ ಪಕ್ಷದ ಡೆಸ್ಮಂಡ್ ಓಮ್ಯಾಲಿ ಎಂಬ ಸದಸ್ಯ ಎದ್ದು ನಿಂತು, ತಾನು ಗಣರಾಜ್ಯದ ಪರ ನಿಲ್ಲುತ್ತೇನೆ ಎಂದು ಹೇಳಿ ಮತದಾನದಿಂದ ದೂರ ಉಳಿದ. ಪಕ್ಷಕ್ಕೆ ವಿರೋಧವಾಗಿ ಮತ ಹಾಕಲಿಲ್ಲ, ಸುಮ್ಮನೆ ದೂರ ಉಳಿದ, ಅಷ್ಟೇ. ಒಂದೇ ವಾರದೊಳಗೆ ಪಕ್ಷ ಆತನನ್ನು ಹೊರಹಾಕಿತು. ಹೊರಿಸಿದ ಆರೋಪ: ಸದಸ್ಯನಿಗೆ ತಕ್ಕುದಲ್ಲದ ನಡತೆ.

ಮರುವರ್ಷ, 1986ರಲ್ಲಿ, ವಿಚ್ಛೇದನಕ್ಕೆ ಅವಕಾಶ ಕೊಡಬೇಕೇ ಎಂದು ಜನಮತಗಣನೆ ನಡೆಯಿತು. ಕುಟುಂಬವೇ ಸಮಾಜದ ಬುನಾದಿ ಎಂದು ಹೇಳಿ ಹಾಹಿ ಅದನ್ನೂ ವಿರೋಧಿಸಿದ. ನೂರಕ್ಕೆ 63ಕ್ಕೂ ಹೆಚ್ಚು ಜನ ವಿಚ್ಛೇದನ ಬೇಡವೆಂದರು. ಮುರಿದುಹೋದ ಮದುವೆಗಳೊಳಗೆ ಸಿಕ್ಕಿಕೊಂಡಿದ್ದವರು ಇನ್ನೂ ಸುಮಾರು ಒಂದು ದಶಕ ಕಾಯಬೇಕಾಯಿತು. 1995ರಲ್ಲಿ ಅದೇ ಪ್ರಶ್ನೆ ಮತ್ತೆ ಬಂದಾಗ ಗೆದ್ದದ್ದು ಬರೀ 9,114 ಮತಗಳ ಅಂತರದಿಂದ.

1999ರ ಮೇ ತಿಂಗಳಲ್ಲಿ ಟೆರಿ ಕೀನ್ ಎಂಬ ಅಂಕಣಗಾರ್ತಿ ದೇಶವೆಲ್ಲ ನೋಡುವ ಟಿವಿ ಕಾರ್ಯಕ್ರಮದಲ್ಲಿ ಕೂತು, ವಿವಾಹಿತ ಹಾಹಿಯ ಜೊತೆ ತನಗೆ 27 ವರ್ಷಗಳ ಸಂಬಂಧವಿತ್ತು ಎಂದು ಹೇಳಿದಳು. ಲೆಕ್ಕ ಹಾಕಿ ನೋಡಿ. ವೈದ್ಯರ ಚೀಟಿಯ ಕಾನೂನು ಬರೆದಾಗ, ಓಮ್ಯಾಲಿಯ ನಡತೆ ತಕ್ಕುದಲ್ಲವೆಂದು ಪಕ್ಷ ತೀರ್ಮಾನಿಸಿದಾಗ, ಕುಟುಂಬವೇ ಬುನಾದಿ ಎಂದು ದೇಶಕ್ಕೆ ಹೇಳಿದಾಗ, ಈ ಎಲ್ಲ ವರ್ಷಗಳಲ್ಲೂ ಆ ಸಂಬಂಧ ನಡೆದೇ ಇತ್ತು. ರಾಜಧಾನಿಯ ಪತ್ರಕರ್ತರಿಗೂ ರಾಜಕಾರಣಿಗಳಿಗೂ ಅದು ಗೊತ್ತಿದ್ದ ಗುಟ್ಟು.

ಹಾಹಿ ಒಬ್ಬಳನ್ನು ಪ್ರೀತಿಸಿದ್ದರ ಬಗ್ಗೆ ನನಗೆ ಹೇಳಲಿಕ್ಕೇನೂ ಇಲ್ಲ. ಅದು ಆತನ, ಆಕೆಯ, ಆತನ ಹೆಂಡತಿಯ, ಆಕೆಯ ಗಂಡನ ಸಂಗತಿ. ನನ್ನ ಸಿಟ್ಟು ಇರುವುದು ಬೇರೆ ಕಡೆ. ಮದುವೆಯೊಂದು ಸಾಲದೆ ಹೋದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಅಧಿಕಾರ, ಹಣ, ಬಾಯಿ ಮುಚ್ಚಿಕೊಂಡ ಸುತ್ತಲಿನವರು, ಇವೆಲ್ಲ ಸೇರಿ ಆತನಿಗೊಂದು ವಿನಾಯಿತಿ ಕೊಟ್ಟಿದ್ದವು. ಅದೇ ವಿನಾಯಿತಿಯನ್ನು ಕಾನೂನಿನ ಮೂಲಕ, ತಲೆಯೆತ್ತಿಕೊಂಡು ಪಡೆಯಲು ಹೊರಟವರಿಗೆ ಆತ ಅಡ್ಡ ನಿಂತ.

ಈ ವಿನಾಯಿತಿ ಇಲ್ಲದವರ ಗತಿಯೇನಾಗಿತ್ತು? 1983ರಲ್ಲಿ ಐರ್ಲೆಂಡ್ ಗರ್ಭಪಾತದ ನಿಷೇಧವನ್ನು ಸಂವಿಧಾನಕ್ಕೇ ಸೇರಿಸಿತು. ಆ ತಿದ್ದುಪಡಿಯ ಒಕ್ಕಣೆ ಮೊದಲು ಪ್ರಕಟವಾದದ್ದು ಹಾಹಿ ಪ್ರಧಾನಿಯಾಗಿದ್ದ 1982ರ ಕೊನೆಯಲ್ಲಿ. 1984ರ ಜನವರಿ 31ರಂದು ಗ್ರಾನಾರ್ಡ್ ಎಂಬ ಸಣ್ಣ ಪಟ್ಟಣದಲ್ಲಿ, ಶಾಲೆಗೆ ಹೋಗುತ್ತಿದ್ದ 15 ವರ್ಷದ ಹುಡುಗಿಯೊಬ್ಬಳು ಮೇರಿ ಮಾತೆಯ ಮೂರ್ತಿಯಿರುವ ಗವಿಯ ಬಳಿ ಒಬ್ಬಳೇ ಹೆತ್ತಳು. ಮಗು ಅಲ್ಲೇ ಸತ್ತಿತ್ತು. ಅದೇ ದಿನ ಹುಡುಗಿಯೂ ತೀರಿಹೋದಳು. ಅನುಕೂಲವಿದ್ದ ಹೆಂಗಸರು ಹಡಗೋ ವಿಮಾನವೋ ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದರು, ಪ್ರತಿವರ್ಷ ಸಾವಿರಾರು ಜನ. ಆ ಹುಡುಗಿಗೆ ಹೋಗಲು ಆ ಗವಿಯೊಂದೇ ಇತ್ತು. ಸಂವಿಧಾನದಿಂದ ಆ ಸಾಲನ್ನು ತೆಗೆಯಲು 2018ರವರೆಗೆ ಕಾಯಬೇಕಾಯಿತು.

ಇದನ್ನು ಬರೆಯುವಾಗ ನನಗೆ ನಾನೇ ಒಂದು ಪ್ರಶ್ನೆ ಹಾಕಿಕೊಳ್ಳಬೇಕಾಗಿದೆ. ಹಾಹಿ ಏಕಪತ್ನೀವ್ರತಸ್ಥನಾಗಿದ್ದರೆ ಆ ಹುಡುಗಿಯ ಸಾವು ಒಪ್ಪತಕ್ಕದ್ದಾಗುತ್ತಿತ್ತೇ? ಸಾಯರ್ ಆ ರಾತ್ರಿ ಮನೆಯಲ್ಲೇ ಇದ್ದಿದ್ದರೆ ಆತ ಬರೆದ ಸಾಲು ನ್ಯಾಯವಾಗುತ್ತಿತ್ತೇ? ಖಂಡಿತ ಇಲ್ಲ. ತಾವು ಹೇಳಿದಂತೆಯೇ ಬದುಕುವ ಸಂಪ್ರದಾಯವಾದಿಗಳು ಎಷ್ಟೋ ಜನರಿದ್ದಾರೆ. ಅವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ, ಅವರು ಬರೆಯುವ ಕಾನೂನನ್ನು ಆಗಲೂ ವಿರೋಧಿಸುತ್ತೇನೆ. ಹಾಗಾದರೆ ಈ ಬೂಟಾಟಿಕೆಯ ಕತೆಗಳಿಂದ ತಿಳಿಯುವುದೇನು? ಕಾನೂನು ಬರೆದವರಿಗೇ ಅದರೊಳಗೆ ಬದುಕಲಾಗಲಿಲ್ಲ ಎಂಬುದು ತಿಳಿಯುತ್ತದೆ. ಬರೆಯುವಾಗಲೇ ಅದು ಅವರಿಗೆ ಗೊತ್ತಿತ್ತು ಎಂಬುದೂ ತಿಳಿಯುತ್ತದೆ.

ನುಡಿದಂತೆ ನಡೆಯಲಾಗದವರನ್ನೆಲ್ಲ ನಾನು ಡಾಂಭಿಕರೆನ್ನುವುದಿಲ್ಲ. ಕುಡಿತ ಬಿಡಬೇಕೆಂದು ಹೇಳುತ್ತ ಸೋತು ಮತ್ತೆ ಕುಡಿದವನ ಕಣ್ಣಲ್ಲಿ ನೀರಿರುತ್ತದೆ. ಅವನು ತನ್ನನ್ನೇ ಮೊದಲು ದೂರಿಕೊಳ್ಳುತ್ತಾನೆ. ಆದರೆ ತಾನು ಕುಡಿಯುತ್ತ ಪಕ್ಕದವನನ್ನು ಕುಡಿದದ್ದಕ್ಕಾಗಿ ಕಟ್ಟಿಹಾಕಿಸುವವನು ಬೇರೆಯೇ ಜಾತಿಯವನು.

ವಾಷಿಂಗ್ಟನ್ನಿನ 1998 ನೆನಪಾಗುತ್ತದೆ. ಅಧ್ಯಕ್ಷ ಬಿಲ್ ಕ್ಲಿಂಟನ್ ಕಚೇರಿಯ ತರುಣಿಯೊಬ್ಬಳ ಜೊತೆಗಿನ ಸಂಬಂಧದ ಬಗ್ಗೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕಾಗಿ ಮಹಾಭಿಯೋಗ ನಡೆದ ವರ್ಷ. (ಕ್ಲಿಂಟನ್ ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಆ ಅಧಿಕಾರದ ಅಂತರದಲ್ಲಿ ಆ ತರುಣಿ ಪಟ್ಟ ಪಾಡನ್ನು ಎರಡೂ ಪಕ್ಷದವರು ಬಹಳ ಕಾಲ ಮರೆತರು.) ಆ ಮಹಾಭಿಯೋಗ ನಡೆಸಿದ ಸದನದ ನ್ಯಾಯಾಂಗ ಸಮಿತಿಯ ಅಧ್ಯಕ್ಷ, ಕ್ಲಿಂಟನ್‌ನ ಎದುರಾಳಿ ರಿಪಬ್ಲಿಕನ್ ಪಕ್ಷದ ಹೆನ್ರಿ ಹೈಡ್. ಬಡ ಹೆಂಗಸರ ಗರ್ಭಪಾತಕ್ಕೆ ಕೇಂದ್ರ ಸರಕಾರದ ವೈದ್ಯಕೀಯ ನೆರವು ಸಿಗದಂತೆ 1976ರಲ್ಲಿ ಮಾಡಿದ ತಿದ್ದುಪಡಿಗೆ ಆತನದೇ ಹೆಸರು. 1960ರ ದಶಕದಲ್ಲಿ ಆತನಿಗೆ ಒಬ್ಬ ವಿವಾಹಿತೆಯ ಜೊತೆ ಸಂಬಂಧವಿದ್ದುದು ಆ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಅದು ತನ್ನ ಯೌವನದ ತಪ್ಪು, ಅದರ ಕಾಲಮಿತಿ ಎಂದೋ ಮುಗಿದಿದೆ ಎಂದು ಹೈಡ್ ಹೇಳಿಕೆ ಕೊಟ್ಟ. ಆ ಯೌವನದಲ್ಲಿ ಆತನಿಗೆ ನಲವತ್ತು ದಾಟಿತ್ತು. ಆಗಿನ ಸ್ಪೀಕರ್ ನ್ಯೂಟ್ ಗಿಂಗ್ರಿಚ್, ಕ್ಲಿಂಟನ್ ಪ್ರಕರಣ ನಡೆಯುತ್ತಿದ್ದಾಗ ತನಗೂ ವಿವಾಹೇತರ ಸಂಬಂಧವಿತ್ತೆಂದು 2007ರಲ್ಲಿ ಒಪ್ಪಿಕೊಂಡ, ಅದೂ ಕ್ರೈಸ್ತ ಸಂಪ್ರದಾಯವಾದಿ ನಾಯಕನೊಬ್ಬನ ರೇಡಿಯೋ ಕಾರ್ಯಕ್ರಮದಲ್ಲಿ. ಗಿಂಗ್ರಿಚ್ ನಂತರ ಸ್ಪೀಕರ್ ಆಗಬೇಕಿದ್ದ ಬಾಬ್ ಲಿವಿಂಗ್‌ಸ್ಟನ್, ತನ್ನ ಸಂಬಂಧಗಳೂ ಹೊರಬಿದ್ದದ್ದರಿಂದ, ಮಹಾಭಿಯೋಗದ ಮತದಾನ ನಡೆದ ಡಿಸೆಂಬರ್ 19ರಂದೇ ಸದನದಲ್ಲಿ ನಿಂತು ಹಿಂದೆ ಸರಿದ. ಆಗ ಪಕ್ಷ ಯಾವ ಕಳಂಕವೂ ಇಲ್ಲದವನೆಂದು ಆರಿಸಿಕೊಂಡದ್ದು ಡೆನಿಸ್ ಹ್ಯಾಸ್ಟರ್ಟ್‌ನನ್ನು. ಹಿಂದೆ ಶಾಲಾ ಮೇಷ್ಟ್ರು, ಕುಸ್ತಿ ಕೋಚ್.

ಹ್ಯಾಸ್ಟರ್ಟ್ ಎಂಟು ವರ್ಷ ಸ್ಪೀಕರ್ ಆಗಿದ್ದ. 2016ರ ಏಪ್ರಿಲ್‌ನಲ್ಲಿ ಆತನಿಗೆ 15 ತಿಂಗಳ ಶಿಕ್ಷೆಯಾಯಿತು. ಶಿಕ್ಷೆಯಾದದ್ದು ಬ್ಯಾಂಕಿನಿಂದ ಹಣವನ್ನು ಅನುಮಾನ ಬಾರದಂತೆ ಸಣ್ಣ ಸಣ್ಣ ಕಂತಿನಲ್ಲಿ ತೆಗೆದದ್ದಕ್ಕೆ. ಆ ಹಣ, ಕೋಚ್ ಆಗಿದ್ದಾಗ ತಾನು ಲೈಂಗಿಕವಾಗಿ ಶೋಷಿಸಿದ್ದ ಹುಡುಗನೊಬ್ಬ ಈಗ ದೊಡ್ಡವನಾಗಿ ಬಾಯಿ ಬಿಡದಿರಲೆಂದು ಕೊಡುತ್ತಿದ್ದ ಹಣ. ಒಬ್ಬನಲ್ಲ, ಹಲವು ಹುಡುಗರು. ನ್ಯಾಯಾಧೀಶರು ಆತನನ್ನು ಮಕ್ಕಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಶೋಷಿಸಿದವನು ಎಂದೇ ಕರೆದರು. ಆದರೆ ಆ ಅಪರಾಧಕ್ಕೆ ಶಿಕ್ಷೆ ಕೊಡುವಂತಿರಲಿಲ್ಲ. ಕಾಲಮಿತಿ ಮುಗಿದಿತ್ತು. ಹೈಡ್ ಮಾತಿಗೆ ಹೇಳಿದ್ದ ಕಾಲಮಿತಿ ಹ್ಯಾಸ್ಟರ್ಟ್‌ಗೆ ನಿಜವಾಗಿಯೂ ಒದಗಿಬಂತು.

ಆ ನ್ಯಾಯಾಲಯದಲ್ಲಿ ಒಬ್ಬ ಮಹಿಳೆ, ಸತ್ತುಹೋಗಿದ್ದ ತನ್ನ ಸಹೋದರನ ಪರವಾಗಿ ಮಾತಾಡಿದಳು. ಅವನೂ ಆ ಹುಡುಗರಲ್ಲೊಬ್ಬ. ಆಕೆ ಹತ್ತು ವರ್ಷ ಮೊದಲೇ ಪತ್ರಕರ್ತರಿಗೆ ತಿಳಿಸಲು ಪ್ರಯತ್ನಿಸಿದ್ದಳು, ಸುದ್ದಿಯಾಗಿರಲಿಲ್ಲ. ಇನ್ನೊಂದು ಕಡೆ, ಹ್ಯಾಸ್ಟರ್ಟ್ ಸಜ್ಜನ, ದಯೆ ತೋರಿಸಿ ಎಂದು ನ್ಯಾಯಾಧೀಶರಿಗೆ ಪತ್ರಗಳ ರಾಶಿಯೇ ಬಂದಿತ್ತು. ಬರೆದವರಲ್ಲಿ ಆತನ ಜೊತೆ ಸದನ ನಡೆಸಿದ ನಾಯಕ ಟಾಮ್ ಡಿಲೇ ಕೂಡ ಇದ್ದ. ಬೇಲಿಯೇ ಎದ್ದು ಹೊಲ ಮೇಯ್ದಾಗ ಅಕ್ಕಪಕ್ಕದ ಬೇಲಿಗಳೆಲ್ಲ ಸಾಕ್ಷಿ ಹೇಳಲು ಬಂದಂತೆ. ಇಲ್ಲಿ ನಾನು ಹಾಹಿಯ ಬಗ್ಗೆ ಹೇಳಿದ ಮಾತನ್ನು ಹೇಳಲಾರೆ. ಒಪ್ಪಿ ಕೂಡಿದ ವಯಸ್ಕರ ಸಂಗತಿಗೂ ಮಗುವಿನ ಮೇಲಿನ ಅಪರಾಧಕ್ಕೂ ಹೋಲಿಕೆಯೇ ಇಲ್ಲ. ನನ್ನನ್ನು ಕಾಡುವುದು ಇದು: ಮೊದಲನೆಯದರ ಬೇಟೆಯಲ್ಲಿ ಮುಳುಗಿದ್ದ ಪಕ್ಷ, ಎರಡನೆಯದನ್ನು ಮಾಡಿದವನನ್ನು ಶುದ್ಧನೆಂದು ಪೀಠದ ಮೇಲೆ ಕೂರಿಸಿತು. ಯಾರು ಯಾರೊಡನೆ ಮಲಗಿದರು ಎಂಬುದನ್ನೇ ನೀತಿಯೆಂದು ಅಳೆಯುವ ಕಣ್ಣಿಗೆ, ಯಾರು ಯಾರನ್ನು ನೋಯಿಸಿದರು ಎಂಬುದು ಕಾಣದೆ ಹೋಗುತ್ತದೆ.

ಹಂಗೇರಿಯಲ್ಲೂ ಹೀಗೇ ಆಯಿತು. 2021ರ ಜೂನ್‌ನಲ್ಲಿ ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಒಂದು ಕಾನೂನು ಬಂತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರಿಗೆ ಶಿಕ್ಷೆ ಹೆಚ್ಚಿಸುವ ಮಸೂದೆಯೊಳಗೇ, 18 ತುಂಬದವರಿಗೆ ಸಲಿಂಗ ಪ್ರೇಮದ ಚಿತ್ರಣ ತೋರಿಸಬಾರದು ಎಂಬ ಕಲಮನ್ನು ತುರುಕಿದರು. ಆಗ ಕುಟುಂಬ ಖಾತೆಯ ಸಚಿವೆ ಕಟಲಿನ್ ನೋವಾಕ್. ಮರುವರ್ಷ ಆಕೆ ದೇಶದ ಅಧ್ಯಕ್ಷೆಯಾದಳು. 2023ರಲ್ಲಿ ಆಕೆ ಕ್ಷಮಾದಾನ ಕೊಟ್ಟವರಲ್ಲಿ ಒಬ್ಬ, ಮಕ್ಕಳ ಆಶ್ರಯಧಾಮವೊಂದರ ಉಪನಿರ್ದೇಶಕನಾಗಿದ್ದವನು. ತನ್ನ ಮೇಲಧಿಕಾರಿಯ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಹಾಕಲು ಮಕ್ಕಳ ಮೇಲೆ ಒತ್ತಡ ಹಾಕಿ ದೂರು ಹಿಂದೆಗೆಸಿದ್ದಕ್ಕಾಗಿ ಶಿಕ್ಷೆಯಾಗಿದ್ದವನು. 2024ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಂದು, ಎಂಟೇ ದಿನದಲ್ಲಿ ಆಕೆ ರಾಜೀನಾಮೆ ಕೊಟ್ಟಳು. ಈ ಸಲದ ವಿನಾಯಿತಿಯ ಮೇಲೆ ರಾಷ್ಟ್ರಾಧ್ಯಕ್ಷೆಯ ಸಹಿಯೇ ಇತ್ತು.

ಅಮೆರಿಕದ ಟಿಮ್ ಮರ್ಫಿಯ ಪ್ರಕರಣ ಚಿಕ್ಕದು, ಆದರೆ ಅದರಲ್ಲೊಂದು ಮಾತು ಮರೆಯಲಾಗದು. ಗರ್ಭಪಾತ ವಿರೋಧಿ ಎಂದೇ ಹೆಸರಾಗಿದ್ದ ಈ ಸಂಸದನಿಗೆ ಒಬ್ಬ ಹೆಂಗಸಿನೊಡನೆ ಸಂಬಂಧವಿತ್ತು. ಆಕೆ ಬಸುರಿಯಿರಬಹುದೆಂಬ ಅನುಮಾನ ಬಂದಾಗ ಗರ್ಭಪಾತ ಮಾಡಿಸಿಕೊಳ್ಳಲು ಹೇಳಿದ್ದನಂತೆ. ಕೆಲದಿನಗಳಲ್ಲೇ ಆತನ ಖಾತೆಯಿಂದ ಗರ್ಭಪಾತ ವಿರೋಧಿ ಸಂದೇಶ ಹೊರಟಾಗ ಆಕೆ ಕೇಳಿದಳು, ಇದು ಹೇಗೆ ಎಂದು. ಅವನ್ನು ನಾನು ಬರೆಯುವುದಿಲ್ಲ, ಸಿಬ್ಬಂದಿ ಬರೆಯುತ್ತಾರೆ ಎಂದು ಆತನ ಸಂಖ್ಯೆಯಿಂದ ಉತ್ತರ ಬಂತು. 2017ರ ಅಕ್ಟೋಬರ್ 3ರಂದು ಈ ಸಂದೇಶಗಳು ಪತ್ರಿಕೆಯಲ್ಲಿ ಬಂದವು. ಇಪ್ಪತ್ತು ವಾರ ದಾಟಿದ ಗರ್ಭಪಾತವನ್ನು ಅಪರಾಧವಾಗಿಸುವ ಮಸೂದೆಯನ್ನು ಸದನ ಅಂಗೀಕರಿಸಿದ್ದೂ ಅಂದೇ. ಸಿಬ್ಬಂದಿ ಬರೆದದ್ದು ಎಂಬ ಮಾತಿನಲ್ಲಿ ನನಗೆ ಕೇಳಿಸುವುದು ಒಂದು ನಿರಾಳ. ನಂಬಿಕೆ ಎಂಬುದು ಕಚೇರಿಯ ಕೆಲಸ, ಅದನ್ನು ಮಾಡಲು ಜನರಿದ್ದಾರೆ. ಆ ಸಂದೇಶ ಓದಿ ಮತ ಹಾಕಿದ ಶ್ರದ್ಧಾವಂತರಿಗೆ ಅದು ಬದುಕಾಗಿತ್ತು. ಇಂಥವರಿಂದ ಎಲ್ಲರಿಗಿಂತ ಹೆಚ್ಚು ಮೋಸ ಹೋಗುವವರು ಅವರೇ ಎಂದು ನನಗನ್ನಿಸುತ್ತದೆ.

ಆದರೆ ಮತದಾರರದ್ದೂ ಪಾಲಿದೆ. ಪಿಆರ್‌ಆರ್‌ಐ ಎಂಬ ಸಂಸ್ಥೆ ಅಮೆರಿಕದಲ್ಲಿ ಒಂದು ಪ್ರಶ್ನೆ ಕೇಳಿತ್ತು: ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡ ಜನಪ್ರತಿನಿಧಿ ಸಾರ್ವಜನಿಕ ಹೊಣೆಯನ್ನು ನೈತಿಕವಾಗಿ ನಿಭಾಯಿಸಬಲ್ಲನೇ? 2011ರಲ್ಲಿ ಹೌದೆಂದ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರು, ಅಂದರೆ ಬೈಬಲ್ಲಿನ ಮಾತೇ ಅಂತಿಮವೆನ್ನುವ ಪಂಥದವರು, ನೂರಕ್ಕೆ 30. ಈ ಕ್ರೈಸ್ತರ ಅಭ್ಯರ್ಥಿಯಾಗಿ ಡೊನಾಲ್ಡ್ ಟ್ರಂಪ್ ನಿಂತಿದ್ದ 2016ರಲ್ಲಿ ಅದೇ ಪ್ರಶ್ನೆಗೆ ಹೌದೆಂದವರು 72. ಐದೇ ವರ್ಷದಲ್ಲಿ ಧರ್ಮಗ್ರಂಥ ಬದಲಾಗಿರಲಿಲ್ಲ. ಕ್ಷಮೆ ದೊಡ್ಡ ಗುಣ, ನಾನೂ ಒಪ್ಪುತ್ತೇನೆ. ಆದರೆ ತಮ್ಮ ನಾಯಕನಿಗೆ ಅಷ್ಟು ಧಾರಾಳವಾಗಿ ಸಿಕ್ಕ ಕ್ಷಮೆಯಲ್ಲಿ ಒಂದು ಚೂರಾದರೂ, ತಮ್ಮದೇ ಮನೆಯಿಂದ ಹೊರಹಾಕಿದ ಮಗನಿಗೆ, ಮಗಳಿಗೆ ಸಿಕ್ಕಿತೇ ಎಂದು ಕೇಳಬೇಕೆನಿಸುತ್ತದೆ.

ಸಿಕ್ಕಿಬಿದ್ದ ಮೇಲೆ ಬಹುತೇಕರು ಮಾಡುವುದು ಒಂದೇ ರೀತಿ. ದೇವರಲ್ಲಿ, ಕುಟುಂಬದಲ್ಲಿ, ಮತದಾರರಲ್ಲಿ ಕ್ಷಮೆ ಕೇಳುತ್ತಾರೆ. ಇದು ನನ್ನ ಖಾಸಗಿ ಸಂಗತಿ, ದಯವಿಟ್ಟು ಬಿಟ್ಟುಬಿಡಿ ಎನ್ನುತ್ತಾರೆ. ಸಾಯರ್ ಕೂಡ ತನ್ನ ತಪ್ಪು ಖಾಸಗಿಯದು, ಪಕ್ಷಕ್ಕೂ ದೇಶಕ್ಕೂ ಅದನ್ನು ಅಂಟಿಸಬೇಡಿ ಎಂದು ಕೇಳಿಕೊಂಡ. ನೆರೆಹೊರೆ, ಕುಟುಂಬ, ಪಕ್ಷ ಎಲ್ಲರ ಹೆಸರೂ ಆ ಕ್ಷಮೆಯ ಪಟ್ಟಿಗಳಲ್ಲಿರುತ್ತದೆ. ಕಾನೂನಿನಿಂದ ನೊಂದವರ ಹೆಸರಿರುವುದಿಲ್ಲ.

ಅಪರೂಪಕ್ಕೆ ಬೇರೆ ದಾರಿ ಹಿಡಿದವರೂ ಇದ್ದಾರೆ. ಕೆನ್ ಮೆಲ್ಮನ್ 2004ರಲ್ಲಿ ಜಾರ್ಜ್ ಬುಷ್ ಚುನಾವಣಾ ಪ್ರಚಾರದ ಮುಖ್ಯಸ್ಥ. ಆ ನವೆಂಬರ್‌ನಲ್ಲಿ 11 ರಾಜ್ಯಗಳ ಮತಪತ್ರದಲ್ಲಿ ಸಲಿಂಗ ವಿವಾಹ ನಿಷೇಧದ ಪ್ರಶ್ನೆಯೂ ಇತ್ತು, 11ರಲ್ಲೂ ಅದು ಗೆದ್ದಿತು. 2010ರಲ್ಲಿ ಮೆಲ್ಮನ್ ತಾನು ಗೇ ಎಂದು ಹೇಳಿಕೊಂಡ. ತನ್ನನ್ನು ತಾನು ಒಪ್ಪಿಕೊಳ್ಳಲು 43 ವರ್ಷ ಹಿಡಿಯಿತು ಎಂದ. ಅಲ್ಲಿಗೆ ನಿಲ್ಲಲಿಲ್ಲ. ಆ ಪ್ರಚಾರದಿಂದ ನೊಂದವರ ಕ್ಷಮೆ ಕೇಳಿದ. 2013ರಲ್ಲಿ ತನ್ನ ಪಕ್ಷದ ಹಲವರಿಂದ ಸಹಿ ಹಾಕಿಸಿ, ಸಲಿಂಗ ವಿವಾಹದ ಪರವಾಗಿ ಸುಪ್ರೀಂ ಕೋರ್ಟಿಗೆ ಅಹವಾಲು ಸಲ್ಲಿಸುವ ಕೆಲಸಕ್ಕೆ ಮುಂದಾದ. 2004ರಲ್ಲಿ ಮಾಡಿದ ಹಾನಿ ಇದರಿಂದ ಅಳಿಯಲಿಲ್ಲ, ಅವನನ್ನು ಇವತ್ತಿಗೂ ಕ್ಷಮಿಸದವರ ನೋವು ನನಗರ್ಥವಾಗುತ್ತದೆ. ಆದರೂ ಕಣ್ಣೀರನ್ನು ಕ್ಯಾಮೆರಾ ಮುಂದೆ ಸುರಿಸಿ ಹೋದವರಿಗಿಂತ, ಬಾಗಿಲು ಹಾಕಿದ್ದ ಕೈಯಿಂದಲೇ ಅದನ್ನು ತೆರೆಯಲು ಹೋದವನನ್ನು ನಾನು ಬೇರೆಯಾಗಿ ನೋಡುತ್ತೇನೆ.

ಗೆಳೆಯನ ಪ್ರಶ್ನೆಗೆ ಉತ್ತರ ಬರೆಯಲು ನನಗೆ ಹತ್ತು ದಿನ ಬೇಕಾಯಿತು. ಉದ್ದುದ್ದ ಬರೆದು ಅಳಿಸಿದೆ. ಕೊನೆಗೆ ಕಳಿಸಿದ್ದು ಎರಡು ಸಾಲು: "ನಗಬಾರದ್ದಕ್ಕೆ ನಕ್ಕೆ ಕಣೋ. ತಪ್ಪಾಯ್ತು." ಅವನು ಅದಕ್ಕೇನೂ ಬರೆಯಲಿಲ್ಲ. ಎರಡು ಮೂರು ದಿನ ಬಿಟ್ಟು ರಾತ್ರಿ ಫೋನ್ ಮಾಡಿದ. ನಿದ್ದೆ, ಕೆಲಸ, ಅಮ್ಮನ ಮಂಡಿನೋವು ಎಂದು ಏನೇನೋ ಮಾತಾಡಿದೆವು. ಇಡುವ ಮುಂಚೆ ಕೇಳಿದ:

"ಹಂಗೇರಿಯಲ್ಲಿ ಅದೇನೋ ತಿದ್ದುಪಡಿ ಇತ್ತಲ್ಲ, ತಾಯಿ ಅಂದ್ರೆ ಹೆಂಗಸು, ತಂದೆ ಅಂದ್ರೆ ಗಂಡಸು ಅಂತ. ಅದೇನಾಯ್ತೋ?"

"ಪಾಸಾಯ್ತು," ಎಂದೆ. "ಡಿಸೆಂಬರ್ 15ಕ್ಕೆ. ಸಾಯರ್ ರಾಜೀನಾಮೆ ಕೊಟ್ಟು ಹದಿನೈದು ದಿನ ಕಳೆದಿತ್ತು, ಅಷ್ಟೇ."

"ಹೂಂ," ಎಂದ ಅವನು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ, ಫೋನನ್ನೂ ಇಡಲಿಲ್ಲ.